ಆಫೀಸಿನ ಡಿಕ್ಲರೇಶನ್ ಫಾರ್ಮ್‌ನಲ್ಲಿ ಏನಂತ ತುಂಬಲಿ? ಅವನು ‘ಹೌದು’ ಹಾಕು ಅಂತಾನೆ, ನನಗೆ ಧೈರ್ಯ ಇಲ್ಲ

ಕಟ್‌ಆಫ್ ಕಾಯುವವ (ನವಿ ಮುಂಬೈ):

ನಮಸ್ಕಾರ. ನಾನು ಶಿರಸಿ ಕಡೆಯವನು. ಕೆಲಸ ಸಿಬಿಡಿ ಬೇಲಾಪುರದ ಒಂದು ಫ್ರೇಟ್ ಫಾರ್ವರ್ಡಿಂಗ್ ಕಂಪನಿಯಲ್ಲಿ. ಹೆಸರು ಬೇಡ. ನಾವಾ ಶೇವಾ ಬಂದರಿನಿಂದ ಹೊರಗೆ ಹೋಗುವ ಕಂಟೇನರ್‌ಗಳ ಕಾಗದಪತ್ರ ನೋಡಿಕೊಳ್ಳುತ್ತೇನೆ. ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್, ಬಂದರಿನ ಗೇಟಿಗೆ ಬೇಕಾದ ಫಾರ್ಮ್ 13, ಬಿಎಲ್ (ಬಿಲ್ ಆಫ್ ಲೇಡಿಂಗ್) ಡ್ರಾಫ್ಟ್. ದಿನಕ್ಕೆ ಹತ್ತು ಮಾತು ಆಡಿದರೆ ಜಾಸ್ತಿ. ಅದರಲ್ಲೂ ಅರ್ಧ ‘ಕಟ್‌ಆಫ್ ಎಷ್ಟಕ್ಕೆ?’ ಅನ್ನೋದೇ (ಕಟ್‌ಆಫ್ ಅಂದರೆ ಕಂಟೇನರ್ ಬಂದರಿನ ಗೇಟ್ ಸೇರಬೇಕಾದ ಕೊನೆಯ ಹೊತ್ತು).

ಇನ್ನೊಬ್ಬ ಇದ್ದಾನೆ. ಆಪರೇಶನ್ಸ್‌ನವನು. ಊರು ಅಕ್ಕಲಕೋಟ, ಸೊಲ್ಲಾಪುರ ಜಿಲ್ಲೆ. ಇಲ್ಲಿ ಅವನನ್ನು ಅಕ್ಕಲಕೋಟ ಅಂತಲೇ ಕರೆಯುತ್ತೇನೆ. ಮನೆಯಲ್ಲಿ ಕನ್ನಡ, ಶಾಲೆ ಪೂರ್ತಿ ಮರಾಠಿ. ಮಾತಾಡಿದರೆ ನನಗಿಂತ ಜೋರು ಕನ್ನಡ, ಆದರೆ ಒಂದಕ್ಷರ ಓದಲು ಬರುವುದಿಲ್ಲ. ಆಫೀಸಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ 2022ರ ಮಳೆಗಾಲದಿಂದ ಜೊತೆಗಿದ್ದೇವೆ. ಜೊತೆಗೆ ಅಂದರೆ ಗೊತ್ತಾಯಿತಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಿದ್ದೇವೆ. ಅವನು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಯಾರ್ಡ್‌ನ ಕ್ರೇನ್ ಆಪರೇಟರ್‌ನಿಂದ ಹಿಡಿದು ಕಸ್ಟಮ್ಸ್ ಗೇಟಿನ ಹೊರಗೆ ವಡಾಪಾವ್ ಮಾರುವವನವರೆಗೆ ಎಲ್ಲರೂ ಅವನಿಗೆ ‘ಭಾವೂ’. ಚಹಾ ತರುವ ಹುಡುಗನ ತಂಗಿಗೆ ಹತ್ತನೇ ಕ್ಲಾಸಲ್ಲಿ ಗಣಿತ ಕಷ್ಟ ಅನ್ನೋದು ಸಹ ಅವನಿಗೆ ಗೊತ್ತು. ನಾನು ನೆರೂಳದಲ್ಲಿ ಬಾಡಿಗೆಗಿರುವ ಮನೆಯ ಎದುರು ಬಾಗಿಲಿನವರ ಹೆಸರು ನನಗೆ ಇನ್ನೂ ಗೊತ್ತಿಲ್ಲ. ಅವನಿಗೆ ಗೊತ್ತು, ಅವರ ಮನೆಯಲ್ಲಿ ಪೋಹೆ ತಿಂದಿದ್ದಾನೆ ಕೂಡ.

ಶುರುವಾದದ್ದು ಕಂಟೇನರ್ ಬಾಗಿಲಿಗೆ ಹಾಕುವ ಒಂದು ಸೀಲ್ ನಂಬರ್‌ನಿಂದ. ಭಿವಂಡಿಯಲ್ಲಿ ತುಂಬಿದ ಕಂಟೇನರ್, ರಾತ್ರಿ ಹನ್ನೊಂದು ದಾಟಿದೆ, ಬೆಳಿಗ್ಗೆ ಗೇಟ್ ಕಟ್‌ಆಫ್. ಡ್ರೈವರ್ ಕಳಿಸಿದ ಫೋಟೋ ಮಳೆಯಲ್ಲಿ ಮಸುಕಾಗಿ ಬಂದಿತ್ತು. ಕೊನೆಯ ಅಂಕೆ ಮೂರೋ ಎಂಟೋ ಗೊತ್ತಾಗುತ್ತಿಲ್ಲ. ಫಾರ್ಮ್ 13ರಲ್ಲಿ ಸೀಲ್ ನಂಬರ್ ತಪ್ಪಾದರೆ ಗೇಟಿನಲ್ಲಿ ಗಾಡಿ ನಿಲ್ಲಿಸುತ್ತಾರೆ. ಹಡಗು ತಪ್ಪಿದರೆ ಸರಕು ಮುಂದಿನ ವಾರಕ್ಕೆ. ಅವನಿಗೆ ಫೋನ್ ಮಾಡಿದೆ. ‘ಎಂಟು ಹಾಕ್ರಿ ಸಾಹೇಬ್ರ, ಏನಾಗಂಗಿಲ್ಲ’ ಅಂದ. ನಾನು ‘ನೋಡಿ ಹೇಳು’ ಅಂದೆ. ಅಷ್ಟೇ ಹೇಳಿದ್ದು. ಬಂದರಿನ ಕಡೆಯ ಉರಣಕ್ಕೆ ಲೋಕಲ್ ರೈಲು ಬಂದದ್ದು 2024ರ ಜನವರಿಯಲ್ಲಿ, ಆಗ ಇರಲಿಲ್ಲ. ಇದ್ದಿದ್ದರೂ ಆ ಹೊತ್ತಿಗೆ ಉಪಯೋಗವಿರಲಿಲ್ಲ. ಉಲ್ವೆಯ ರೂಮಿನಲ್ಲಿ ಊಟ ಅರ್ಧಕ್ಕೆ ಬಿಟ್ಟು ಬೈಕ್ ತೆಗೆದ. ಸುಮಾರು ಹೊತ್ತಿನ ಮೇಲೆ ವಿಡಿಯೋ ಕಾಲ್ ಬಂತು. ಟ್ರಕ್ ಸಾಲುಗಳ ಮಧ್ಯೆ ನಿಂತಿದ್ದಾನೆ, ರೇನ್‌ಕೋಟ್ ಹರಿದಿದೆ, ಕಂಟೇನರ್ ಬಾಗಿಲಿನ ಕೆಸರನ್ನು ಕರ್ಚೀಫ್‌ನಲ್ಲಿ ಒರೆಸಿ, ಡ್ರೈವರ್ ಕೈಗೆ ಟಾರ್ಚ್ ಕೊಟ್ಟು, ಒಂದೊಂದೇ ಅಂಕೆ ಕೂಗಿ ಓದಿದ. ಮೂರು. ‘ಮೂರ್ರೀ ಸಾಹೇಬ್ರ, ನೀವು ಗೆದ್ರಿ’ ಅಂತ ನಗ್ತಾ ನಿಂತ.

ಆಮೇಲೆ ಕಾಲ್ ಕಟ್ ಮಾಡಲಿಲ್ಲ. ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಉಲ್ವೆ ತಲುಪುವವರೆಗೆ ಮಾತಾಡಿದ. ಅವನ ಅವ್ವ ಮಾಡುವ ಶೇಂಗಾ ಹೋಳಿಗೆ, ಸ್ವಾಮಿ ಸಮರ್ಥರ ಗುಡಿ ಮುಂದಿನ ಗದ್ದಲ, ಯಾವುದೋ ಜಾತ್ರೆಯಲ್ಲಿ ಕಳೆದುಹೋದ ಚಪ್ಪಲಿ. ನಾನು ‘ಹೂಂ’ ಅಂತಿದ್ದೆ. ಒಂದು ನಿಮಿಷಕ್ಕಿಂತ ಜಾಸ್ತಿ ಫೋನ್ ಹಿಡಿಯುವ ಮನುಷ್ಯನೇ ಅಲ್ಲ ನಾನು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಂದು ಡಿಕ್ಲರೇಶನ್ ತುಂಬಿಸುತ್ತಾರೆ. ಬೇರೆ ಬಿಸಿನೆಸ್ ಇದೆಯಾ, ವೆಂಡರ್‌ಗಳಲ್ಲಿ ನೆಂಟರಿದ್ದಾರಾ, ಅಂಥವು. ಈ ವರ್ಷ ಹೊಸ ಪ್ರಶ್ನೆ ಸೇರಿಸಿದ್ದಾರೆ: ಕಂಪನಿಯ ಯಾವುದೇ ಉದ್ಯೋಗಿಯ ಜೊತೆ ರಕ್ತಸಂಬಂಧ, ಮದುವೆ ಅಥವಾ ಆಪ್ತ ವೈಯಕ್ತಿಕ ಸಂಬಂಧ ಇದೆಯೇ? ‘ಹೌದು’ ಒತ್ತಿದರೆ ಕೆಳಗೆ ಇನ್ನೊಂದು ಖಾನೆ ತೆರೆದುಕೊಳ್ಳುತ್ತದೆ, ಆ ಉದ್ಯೋಗಿಯ ಹೆಸರು ಬರೆಯಬೇಕು.

ಇದರ ಜೊತೆಗೇ ನನಗೆ ಪ್ರಮೋಷನ್ ಬಂದಿದೆ. ಜೂನ್‌ನಿಂದ ಡಾಕ್ಯುಮೆಂಟೇಶನ್ ಜೊತೆಗೆ ಆಪರೇಶನ್ಸ್‌ನವರ ಖರ್ಚಿನ ವೋಚರ್‌ಗಳಿಗೂ ನನ್ನದೇ ಸಹಿ. ಲೇಬರ್, ಕ್ರೇನ್, ಗಾಡಿ ತಡವಾದರೆ ಡಿಟೆನ್ಶನ್, ಎಲ್ಲ. ಅಂದರೆ ಅವನ ವೋಚರ್‌ಗೂ. ಈಗಲೂ ಅವನ ವೋಚರ್‌ಗಳನ್ನು ಅಕೌಂಟ್ಸ್‌ಗೆ ಕಳಿಸುವ ಮೊದಲು ನಾನು ನೋಡುತ್ತೇನೆ. ಬಿಲ್ ಇಲ್ಲದ್ದನ್ನು ವಾಪಸ್ ಮಾಡುತ್ತೇನೆ. ಅದಕ್ಕೆ ಮನೆಗೆ ಬಂದು ಜಗಳ ಆಡಿದ್ದೂ ಇದೆ.

ಅವನು ‘ಹೌದು’ ಹಾಕೋಣ ಅಂತಾನೆ. ‘ನಾ ಏನ್ ಕಳ್ಳತನ ಮಾಡ್ಲಕತ್ತೀನೇನು?’ ಅಂತ ಒಂದೇ ಪ್ರಶ್ನೆ. ನನಗೆ ಆ ಖಾನೆ ನೋಡಿದರೇ ಬೆವರು. ಪೋರ್ಟಲ್‌ನಲ್ಲಿ ತುಂಬಿದ್ದರ ಪ್ರಿಂಟನ್ನು ನಮ್ಮ ಬ್ರಾಂಚ್ ಅಡ್ಮಿನ್ ತೆಗೆಯುತ್ತಾರೆ. ಅವರ ಮೇಜಿನ ಮೇಲೆ ಚಹಾ ಫ್ಲಾಸ್ಕ್ ಪಕ್ಕದಲ್ಲೇ ಎಲ್ಲರ ಕಾಗದ ಬಿದ್ದಿರುತ್ತವೆ. ಕಳೆದ ವರ್ಷ ಆಗಸ್ಟ್ ಕ್ರಾಂತಿ ಮೈದಾನದ ಪ್ರೈಡ್ ಮೆರವಣಿಗೆಗೆ ಅವನು ಹೋದಾಗ ನಾನು ಎದುರಿನ ಫುಟ್‌ಪಾತ್‌ನಲ್ಲಿ, ಯಾವುದೋ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದೆ. ಇಷ್ಟು ಹೇಳಿದರೆ ನಾನು ಎಂಥವನು ಅಂತ ತಿಳಿಯಬಹುದು.

ಮನೆಯ ವಿಷಯ ಬೇರೆ. 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಗೆ ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಮತ್ಸ್ಯಗಂಧ ರೈಲಿನಲ್ಲಿ ಕುಮಟಾ, ಅಲ್ಲಿಂದ ಬಸ್ಸು. ಅಂಗಳದಲ್ಲಿ ಚಾಲಿ ಅಡಿಕೆ ಒಣಗಿಸಿದ್ದರು, ಅದರ ಮಧ್ಯೆ ಕೂತು ಅಪ್ಪನಿಗೆ ಕಂಟೇನರ್ ಒಳಗೆ ಎಷ್ಟು ಅಡಿಕೆ ಮೂಟೆ ಹಿಡಿಯುತ್ತದೆ ಅಂತ ಲೆಕ್ಕ ಹೇಳಿದ. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಆಯಿಗೆ ಬಳೆ ಚೌಕಾಸಿ ಮಾಡಿಕೊಟ್ಟ, ಅದೂ ಮರಾಠಿಯಲ್ಲಿ, ಅಂಗಡಿಯವನು ಮೀರಜ್ ಕಡೆಯವನಂತೆ. ಈಗ ಫೋನ್ ಮಾಡಿದಾಗೆಲ್ಲ ಆಯಿ ‘ಆ ಮಾತಿನ ಮಲ್ಲ ಹ್ಯಾಂಗಿದ್ದಾ?’ ಅಂತ ಕೇಳುತ್ತಾಳೆ. ಏನು ಗೊತ್ತಾಗಿದೆಯೋ ಏನು ಗೊತ್ತಾಗಿಲ್ಲವೋ, ನಾನು ಕೆದಕಿಲ್ಲ.

ಫಾರ್ಮ್‌ಗೆ ಕೊನೆಯ ದಿನ 30. ಕಂಪನಿಗಳ ಒಳಗಿನ ವ್ಯವಹಾರ ತಿಳಿದವರು ಹೇಳಿ. ‘ಇಲ್ಲ’ ಅಂತ ಹಾಕಿದರೆ ಏನಾಗುತ್ತದೆ? ‘ಹೌದು’ ಅಂತ ಹಾಕಿದರೆ ನಮಗೆ ಯಾವ ರಕ್ಷಣೆ ಇದೆ?

ಮುಲುಂಡ್ ಕನ್ನಡಿಗ:

ಆಫೀಸಿಗೆ ಹೋಗೋದು ಸಂಬಳಕ್ಕೆ. ‘ಇಲ್ಲ’ ಅಂತ ಹಾಕಿ ಸುಮ್ನಿರಿ. ಇಂಥದ್ದನ್ನೆಲ್ಲ ಇಲ್ಲಿ ಚರ್ಚೆ ಮಾಡೋದು ಯಾಕೆ? ಮನೆಯವರು ನೋಡಿದ ಹುಡುಗಿಯನ್ನು ಮದುವೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಕಟ್‌ಆಫ್ ಕಾಯುವವ:

ಆ ಹುಡುಗಿಗೆ ಏನು ಸರಿಹೋಗುತ್ತದೆ ಅಂತ ನೀವು ಬರೆದಿಲ್ಲ.

ಬಾಣೇರ್ ಎಚ್‌ಆರ್ (ಪುಣೆ):

ನಾನು ದಾವಣಗೆರೆಯವಳು, ಪುಣೆಯ ಒಂದು ಕಂಪನಿಯಲ್ಲಿ ಎಚ್‌ಆರ್. ಇಂಥ ಫಾರ್ಮ್‌ಗಳನ್ನು ಬರೆಯುವ ಕೆಲಸವೇ ನನ್ನದು, ಹಾಗಾಗಿ ಅದರ ಒಳಹೂರಣ ಹೇಳುತ್ತೇನೆ.

‘ಇಲ್ಲ’ ಅಂತ ಮಾತ್ರ ಹಾಕಬೇಡಿ. ಪ್ರೀತಿ ಮಾಡಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಕನಿಷ್ಠ ಕಾಗದದ ಮೇಲೆ. ಆದರೆ ಸುಳ್ಳು ಡಿಕ್ಲರೇಶನ್ ಕೊಟ್ಟರು ಅನ್ನೋದು ಸ್ವತಂತ್ರವಾದ ತಪ್ಪು. ನಾಳೆ ಮ್ಯಾನೇಜ್‌ಮೆಂಟ್‌ಗೆ ನಿಮ್ಮಿಬ್ಬರ ವಿಷಯ ಇಷ್ಟ ಇಲ್ಲದಿದ್ದರೆ, ಸಂಬಂಧದ ಮಾತೇ ಎತ್ತದೆ ಆ ಒಂದು ‘ಇಲ್ಲ’ ತೋರಿಸಿ ಮನೆಗೆ ಕಳಿಸಬಹುದು. ಅವರ ಕೈಗೆ ಹಗ್ಗ ಕೊಟ್ಟ ಹಾಗೆ.

ರಕ್ಷಣೆ ಕೇಳಿದಿರಿ. ನಿಜ ಹೇಳಬೇಕು ಅಂದರೆ ಕಡಿಮೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧ ಅಲ್ಲ. ಆದರೆ ಖಾಸಗಿ ಕಂಪನಿಯಲ್ಲಿ ಸಲಿಂಗಿ ಅನ್ನೋ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ನೇರವಾಗಿ ಹೇಳುವ ಕಾನೂನು ಇಲ್ಲ. 2019ರ ಕಾಯ್ದೆ ಇರುವುದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ. ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ದೂರು ಕೊಡಬಹುದಾದವರು ಮಹಿಳೆಯರು ಮಾತ್ರ. ಕೆಲವು ಕಂಪನಿಗಳು ತಮ್ಮ ಪಾಲಿಸಿಯನ್ನು ಎಲ್ಲರಿಗೂ ಅನ್ವಯಿಸಿಕೊಂಡಿವೆ. ಹಾಗಾಗಿ ಮೊದಲು ನಿಮ್ಮ ಕಂಪನಿಯ ಕೋಡ್ ಆಫ್ ಕಂಡಕ್ಟ್ ತೆಗೆದು, ತಾರತಮ್ಯ ಮಾಡುವುದಿಲ್ಲ ಅನ್ನುವ ಪ್ಯಾರಾದಲ್ಲಿ ‘ಲೈಂಗಿಕ ಒಲವು’ ಅಂತ ಇದೆಯಾ ನೋಡಿ. ಇದ್ದರೆ ಅದೇ ನಿಮ್ಮ ಕೈಯಲ್ಲಿರುವ ದೊಡ್ಡ ಕಾಗದ. ಗ್ರೂಪ್ ಮೆಡಿಕ್ಲೇಮ್‌ನಲ್ಲಿ ‘ಸ್ಪೌಸ್’ ಅಂತಿದೆಯೋ ‘ಪಾರ್ಟ್‌ನರ್’ ಅಂತಿದೆಯೋ ಅದನ್ನೂ ನೋಡಿ. ಕಂಪನಿಯ ಮನಸ್ಸು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು, ಇದು ತುಂಬಾ ಮುಖ್ಯ. ಅವರೊಬ್ಬರೇ ‘ಹೌದು’ ಹಾಕಿದರೂ ನಿಮ್ಮ ಹೆಸರು ಹೊರಗೆ ಬರುತ್ತದೆ. ನೀವೊಬ್ಬರೇ ‘ಇಲ್ಲ’ ಹಾಕಿದರೆ ಸಿಕ್ಕಿಬೀಳುವವರು ನೀವು. ಇಬ್ಬರೂ ಮಾತಾಡಿಕೊಳ್ಳದೆ ಯಾರೂ ಬಟನ್ ಒತ್ತಬೇಡಿ.

ಕಂಪನಿಗೆ ನಿಜವಾಗಿ ಬೇಕಾದದ್ದು ನಿಮ್ಮ ಪ್ರೇಮಕಥೆ ಅಲ್ಲ. ಯಾರ ದುಡ್ಡಿಗೆ ಯಾರ ಸಹಿ, ಯಾರ ಅಪ್ರೈಸಲ್ ಯಾರ ಕೈಯಲ್ಲಿ, ಅಷ್ಟೇ. ಜೂನ್‌ನಿಂದ ನೀವು ಅವರ ವೋಚರ್ ಪಾಸ್ ಮಾಡುವುದು ನಿಜಕ್ಕೂ ತೊಂದರೆ. ಅವರು ಹುಡುಗಿಯಾಗಿದ್ದರೂ, ನಿಮ್ಮ ಅಣ್ಣ ಆಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಬ್ರಾಂಚ್ ಅಡ್ಮಿನ್ ಅನ್ನು ದಾಟಿ ಹೆಡ್ ಆಫೀಸಿನ ಎಚ್‌ಆರ್ ಜೊತೆ ಫೋನಿನಲ್ಲಿ ಮಾತಾಡಬೇಕು ಅಂತ ಒಂದು ಮೇಲ್ ಹಾಕಿ. ಫಾರ್ಮ್ ತುಂಬುವ ಮೊದಲೇ ಹಾಕಿ.

ಹಳೇ ಮಾಟುಂಗಾ:

ತಮ್ಮಾ, ನಾನು ಕಾರ್ಕಳದವನು, ಬ್ಯಾಂಕಿನಿಂದ ರಿಟೈರ್ ಆದವನು. ಎಚ್‌ಆರ್ ತಂಗಿ ಹೇಳಿದ್ದೆಲ್ಲ ಸರಿ, ಆದರೆ ನನಗೆ ಒಪ್ಪಿಗೆ ಇಲ್ಲ. ಎಚ್‌ಆರ್‌ನವರು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸುತ್ತಾರೆ. ಫೈಲು ಅಲ್ಲೇ ಇರುತ್ತದೆ. ಮುಂದೆ ಆ ಕುರ್ಚಿಗೆ ಬರುವವನು ಯಾರೋ, ಎಂಥವನೋ.

ನಮ್ಮದೂ ನಿಮ್ಮ ಹಾಗೇ. ಫೋರ್ಟ್‌ನ ಬ್ರಾಂಚ್. ನಾನು ಲೆಡ್ಜರ್ ತಾಳೆ ಹಾಕುವವ, ಅವನು ಯೂನಿಯನ್ ಮನುಷ್ಯ. ಗೇಟ್ ಮೀಟಿಂಗ್‌ನಲ್ಲಿ ಅವನು ಬಾಯಿ ತೆಗೆದರೆ ಎದುರಿನ ಇರಾನಿ ಹೋಟೆಲಿನವನೂ ಹೊರಗೆ ಬಂದು ನಿಲ್ಲುತ್ತಿದ್ದ. ಆಫೀಸಿನಲ್ಲಿ ನಾವು ಒಬ್ಬರಿಗೊಬ್ಬರು ಬಹುವಚನ. ಜನ ನಮಗಿಬ್ಬರಿಗೂ ಆಗಿಬರುವುದಿಲ್ಲ ಅಂತ ತಿಳಿದಿದ್ದರು, ನಾವೂ ಹಾಗೇ ಬಿಟ್ಟೆವು. ಮುಷ್ಕರದ ದಿನ ನಾನು ಒಳಗೆ ಕೂತಿದ್ದಕ್ಕೆ ಎಲ್ಲರ ಎದುರು ನನ್ನನ್ನು ಬೈದಿದ್ದ. ಅದು ನಾಟಕ ಅಲ್ಲ, ನಿಜವಾಗಿಯೂ ಸಿಟ್ಟು ಬಂದಿತ್ತು.

ನಮ್ಮಂಥವರ ಪತ್ರಿಕೆ ‘ಬಾಂಬೆ ದೋಸ್ತ್’ 1990ರಲ್ಲಿ ಶುರುವಾಯಿತು. ಅದನ್ನು ಬ್ಯಾಂಕಿನ ದೊಡ್ಡ ಕವರಿನೊಳಗೆ ಇಟ್ಟು ಮನೆಗೆ ತಂದು ಓದಿದವನು ನಾನು. ವಕೋಲಾದಲ್ಲಿ ನಮ್ಮಂಥವರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ ಇದೆ, 1994ರದ್ದು. ಅವನು ಅಲ್ಲಿಗೆ ಹೋಗಿ ಬರುತ್ತಿದ್ದ, ನಾನು ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ. ನಿನ್ನ ಫುಟ್‌ಪಾತ್ ಓದಿ ನಗು ಬಂತು. 2009ರಲ್ಲಿ ನಮ್ಮಂಥವರ ಸಂಬಂಧ ಅಪರಾಧ ಅಲ್ಲ ಅಂತ ದೆಹಲಿ ಹೈಕೋರ್ಟ್ ತೀರ್ಪು ಬಂದಾಗ ಅವನು ಇಡೀ ಬಿಲ್ಡಿಂಗಿಗೆ ಪೇಡಾ ಹಂಚಿದ. ಯಾಕೆ ಅಂತ ಕೇಳಿದವರಿಗೆ ‘ಎಫ್‌ಡಿ ಮೆಚೂರ್ ಆಯ್ತು’ ಅಂದ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಲ್ಟಾ ಮಾಡಿತು. ಅವತ್ತು ಅವನು ಮಾತೇ ಆಡಲಿಲ್ಲ. ಅವನು ಹೋದದ್ದು 2016ರಲ್ಲಿ. 2018 ನೋಡಲಿಲ್ಲ.

ನೀನು ಆಫೀಸಿನ ಫಾರ್ಮ್ ಹಿಡಿದುಕೊಂಡು ಬೆವರುತ್ತಾ ಇದ್ದೀಯ. ನಾನು ಕೇಳುವುದು ಬೇರೆ ಫಾರ್ಮ್‌ಗಳ ಬಗ್ಗೆ. ಅವನ ಬ್ಯಾಂಕ್ ಖಾತೆಗೆ ನಾಮಿನಿ ಯಾರು? ನಿನ್ನದಕ್ಕೆ ಯಾರು? ನಾಮಿನಿ ಯಾರೂ ಆಗಬಹುದು, ಸಂಬಂಧಿಯೇ ಆಗಬೇಕು ಅಂತಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಕೂಡ ಹೇಳಿದೆ, ನಮ್ಮಂಥ ಜೋಡಿಗಳು ಜಾಯಿಂಟ್ ಅಕೌಂಟ್ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ. ಆದರೆ ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವನು, ವಾರಸುದಾರ ಅಲ್ಲ. ಅದಕ್ಕೆ ವಿಲ್ ಬರೆಯಬೇಕು. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ರಿಜಿಸ್ಟರ್ ಮಾಡಿಸಿದರೆ ಒಳ್ಳೆಯದು, ಕಡ್ಡಾಯ ಅಲ್ಲ. ಪಿಎಫ್‌ನಲ್ಲಿ ಮಾತ್ರ ನಿಯಮದ ಪ್ರಕಾರ ಕುಟುಂಬ ಇದ್ದರೆ ಕುಟುಂಬದವರೇ ನಾಮಿನಿ. 2023ರ ಅಕ್ಟೋಬರ್‌ನಲ್ಲಿ ಕೋರ್ಟು ಮದುವೆಗೆ ಒಪ್ಪಲಿಲ್ಲವಲ್ಲ, ಆದ್ದರಿಂದ ನಾವು ಕಾನೂನಿನ ಕಣ್ಣಿಗೆ ಕುಟುಂಬ ಅಲ್ಲ.

ಅವನು ತನ್ನ ಎಫ್‌ಡಿಗೆ ನನ್ನನ್ನು ನಾಮಿನಿ ಮಾಡಿದ್ದ, ಸಂಬಂಧದ ಜಾಗದಲ್ಲಿ ‘ಮಿತ್ರ’. ಕೌಂಟರಿನಲ್ಲಿದ್ದವರು ನಮ್ಮದೇ ಸಹೋದ್ಯೋಗಿ, ಕಾಗದ ನೋಡಿದರು, ನನ್ನ ಮುಖ ನೋಡಿದರು, ಸೀಲ್ ಹೊಡೆದರು. ಒಂದು ಪ್ರಶ್ನೆ ಕೇಳಲಿಲ್ಲ. ಅಷ್ಟು ವರ್ಷ ಅವರಿಗೆ ಗೊತ್ತಿತ್ತು ಅಂತ ನನಗೆ ಅವತ್ತು ಗೊತ್ತಾಯಿತು.

ಸೊಲ್ಲಾಪುರದ ಸೊಸೆ:

ನಾ ಬಿಜಾಪುರದಾಕಿ, ಸೊಲ್ಲಾಪುರಕ್ಕ ಕೊಟ್ಟಾರ. ನಮ್ಮ ಮನಿಯವರೂ ಹಂಗ, ಅಕ್ಕಲಕೋಟದ ಮಂದಿ ಹಂಗ. ಬಾಯಿ ನಿಲ್ಲಂಗಿಲ್ಲ. ದಿನಾ ರಾತ್ರಿ ಓಣ್ಯಾಗಿಂದು ಎಲ್ಲಾ ಸುದ್ದಿ ಹೇಳ್ತಾರ. ಅಂಗಡಿ ಸಾಲ ಆಗೇದ ಅನ್ನೋದು ಮಾತ್ರ ನನಗ ಮೂರು ವರ್ಷಕ್ಕ ಗೊತ್ತಾತು.

ಒಂದು ಕೇಳ್ತೀನಿ ಅಣ್ಣಾರ, ಸಿಟ್ಟಾಗಬ್ಯಾಡ್ರಿ. ‘ಹೌದು’ ಅಂತ ಯಾಕ ಹಾಕಬೇಕು ಅಂತ ಅವರನ್ನ ಕೇಳೀರೇನು? ನೀವು ಬರ್ದಿದ್ದು ಓದಿದ್ರ, ಅವರು ಊರಿಗೆಲ್ಲಾ ಡಂಗುರ ಹೊಡೀಲಿಕ್ಕೆ ನಿಂತಾರ ಅನ್ನೋ ಹಂಗ ಅದ. ಅವರ ಬಾಯಿಂದ ಆ ಮಾತು ಬಂದದ್ದು ಎಲ್ಲೂ ಕಾಣಲಿಲ್ಲ ನನಗ.

ಕಟ್‌ಆಫ್ ಕಾಯುವವ:

ಎಲ್ಲರಿಗೂ ಥ್ಯಾಂಕ್ಸ್. ಹಳೇ ಮಾಟುಂಗಾ ಅವರೇ, ನಿಮ್ಮದನ್ನು ಅವನಿಗೆ ಓದಿ ಹೇಳಿದೆ. ಪೇಡಾ ಬಂದಾಗ ಜೋರಾಗಿ ನಕ್ಕ, ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದ. ಅವನು ಸುಮ್ನಿರೋದು ಅಂದರೆ ಅದೊಂದು ಘಟನೆ. (ಅಂದ ಹಾಗೆ ಈ ಥ್ರೆಡ್ ಬಗ್ಗೆ ಅವನಿಗೆ ಈಗ ಗೊತ್ತು. ‘ನನ್ನ ಹೆಸರು ಅಕ್ಕಲಕೋಟ ಅಂತ ಇಟ್ಟೀಯಾ? ಊರ ಮಂದಿ ಗುರ್ತ ಹಿಡೀತಾರ’ ಅಂತ ಖುಷಿಯಿಂದಲೇ ಕೇಳಿದ.)

ಸೊಲ್ಲಾಪುರದ ಅಕ್ಕ, ನಿಮ್ಮ ಪ್ರಶ್ನೆಯನ್ನು ಹಾಗೇ ಅವನ ಮುಂದೆ ಇಟ್ಟೆ. ಭಾನುವಾರ ಸಂಜೆ ನೆರೂಳದಲ್ಲಿ ಸಮುದ್ರದ ಹಿನ್ನೀರಿನ ಹತ್ತಿರ ಹೋಗಿದ್ದೆವು. ಫ್ಲೆಮಿಂಗೊ ನೋಡಲು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಅವನು ಅದರಲ್ಲಿ ಒಬ್ಬರ ಟ್ರೈಪಾಡ್ ಎಷ್ಟಕ್ಕೆ ಬಂತು ಅಂತ ವಿಚಾರಿಸಿ ಬಂದು ಪಕ್ಕದಲ್ಲಿ ಕೂತ. ಕೇಳಿದೆ. ಅವನು ಹೇಳಿದ್ದನ್ನು ಅವನದೇ ಮಾತಲ್ಲಿ ಹಾಕುತ್ತೇನೆ:

‘ಜೂನ್‌ದಿಂದ ನನ್ನ ವೋಚರ್ ಮ್ಯಾಲ ನಿನ್ನ ಸಹಿ. ನಾ ಮಳ್ಯಾಗ ಯಾರ್ಡ್‌ನಾಗ ನಿಂತು ಕೆಲಸ ಮಾಡ್ತೀನಿ. ನಾಳಿ ಯಾರರ, ಅಂವಂದೇನ್ ಬಿಡು, ಪಾಸ್ ಆಗೇ ಆಗ್ತದ, ಅಂತ ಒಂದು ಮಾತು ಅಂದ್ರ? ಮಂದಿ ನಮ್ಮಿಬ್ಬರ ಬಗ್ಗೆ ಏನರ ಅಂದ್ಕೊಳ್ಳಿ, ನನಗ ಫರಕ್ ಇಲ್ಲ. ಕೆಲಸದ ಬಗ್ಗೆ ಅಂದ್ರ ತಡಕೊಳ್ಳಂಗಿಲ್ಲ. ಮೊದಲss ಹೇಳಿ ಇಟ್ರ ಯಾರೂ ಬೆರಳು ತೋರ್ಸಂಗಿಲ್ಲ. ನಿನಗ ಹೆಸರು ಬರಿಯೋದು ಬ್ಯಾಡಂದ್ರ ಬ್ಯಾಡ. ಸಹಿ ಮಾತ್ರ ಬ್ಯಾರೆದವ್ರು ಮಾಡ್ಲಿ.’

ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಬಾಣೇರ್ ಎಚ್‌ಆರ್ ಅವರೇ, ಹೆಸರು ಬರೆಯದೆ ಸಹಿ ಬದಲಾಯಿಸಿಕೊಳ್ಳುವ ದಾರಿ ಇದೆಯಾ?

ಬಾಣೇರ್ ಎಚ್‌ಆರ್ (ಪುಣೆ):

ಇದೆ. ಅವರೊಬ್ಬರ ವೋಚರ್ ಬೇಡ ಅಂದರೆ ಹೆಸರು ಹೇಳಲೇಬೇಕಾಗುತ್ತದೆ. ಇಡೀ ಆಪರೇಶನ್ಸ್ ಟೀಮಿನ ವೋಚರ್‌ಗಳೇ ಬೇಡ ಅನ್ನಿ. ಅದಕ್ಕೆ ಗಟ್ಟಿ ಕಾರಣವೂ ಇದೆ. ಫೈಲ್‌ನ ಕಾಗದ ತಯಾರಿಸುವವರೇ ಅದೇ ಫೈಲ್‌ನ ಖರ್ಚು ಪಾಸ್ ಮಾಡುವುದು ಯಾವ ಆಡಿಟರ್‌ಗೂ ಹಿಡಿಸುವುದಿಲ್ಲ. ಒಬ್ಬ ಮಾಡಬೇಕು, ಇನ್ನೊಬ್ಬ ತಾಳೆ ನೋಡಬೇಕು. ಇದನ್ನು ನೀವು ಬ್ರಾಂಚ್ ಮ್ಯಾನೇಜರ್‌ಗೇ ನೇರವಾಗಿ ಬರೆಯಬಹುದು, ಯಾರಿಗೂ ಅನುಮಾನ ಬರುವುದಿಲ್ಲ.

ಆದರೆ ಇದರಿಂದ ಫಾರ್ಮ್‌ನ ಪ್ರಶ್ನೆ ಮುಗಿಯುವುದಿಲ್ಲ. ಅಲ್ಲಿ ಉತ್ತರ ನಿಜವೇ ಆಗಿರಬೇಕು. ಹೆಡ್ ಆಫೀಸಿಗೆ ಎರಡು ಸಾಲು ಹಾಕಿ: ‘ಡಿಕ್ಲರೇಶನ್‌ನ ಹೊಸ ಪ್ರಶ್ನೆಗೆ ಸಂಬಂಧಿಸಿದಂತೆ ಗೋಪ್ಯವಾಗಿ ಮಾತಾಡುವುದಿದೆ. ನನ್ನ ಮಾಹಿತಿಯನ್ನು ಬ್ರಾಂಚ್ ಮಟ್ಟದಲ್ಲಿ ಯಾರ್‍ಯಾರು ನೋಡುತ್ತಾರೆ ಅಂತ ಮೊದಲು ತಿಳಿಸಿ.’ ಅಷ್ಟು ಸಾಕು. ಬಂದ ಉತ್ತರವನ್ನು ಇಟ್ಟುಕೊಳ್ಳಿ. ಒಳ್ಳೆ ಎಚ್‌ಆರ್ ಆದರೆ ಆ ಎರಡನೇ ಸಾಲು ಓದಿದ ತಕ್ಷಣ ತಮ್ಮ ಸಿಸ್ಟಮ್‌ನಲ್ಲಿ ತೂತು ಎಲ್ಲಿದೆ ಅಂತ ಅವರಿಗೇ ತಿಳಿಯುತ್ತದೆ.

ಮಾಟುಂಗಾ ಸರ್, ನೀವು ಹೇಳಿದ್ದು ನಿಜ, ನಾವು ಕಂಪನಿ ಬದಲಾಯಿಸುತ್ತೇವೆ. ನಾನೇ ಮೂರನೆಯದರಲ್ಲಿ ಇದ್ದೇನೆ. ಅದಕ್ಕೇ ಬಾಯಿಮಾತು ನಂಬಬೇಡಿ, ಮೇಲ್ ಇರಲಿ ಅಂತಿರೋದು.

ಹಳೇ ಮಾಟುಂಗಾ:

ಸರಿ ತಂಗಿ. ಆಗಲಿ. ತಮ್ಮಾ, ಫಾರ್ಮ್ ಏನಾದರೂ ಮಾಡಿಕೋ, ವಿಲ್ ಬರೆ. ಸಾಕ್ಷಿ ಬೇಕಿದ್ದರೆ ಮಾಟುಂಗಾಕ್ಕೆ ಬನ್ನಿ ಇಬ್ಬರೂ. ಒಂದು ಸಹಿ ನನ್ನದು. ಊಟ ಬಾಳೆಲೆಯಲ್ಲಿ ಹಾಕಿಸುತ್ತೇನೆ, ಅವನು ಮಾತಾಡಲಿ, ನಾವಿಬ್ಬರು ಉಣ್ಣೋಣ.

ಕಟ್‌ಆಫ್ ಕಾಯುವವ:

ಅಪ್‌ಡೇಟ್. ಕೇಳಿದವರಿಗೆ ಹೇಳಬೇಕಲ್ವಾ.

ಮೇಲ್ ಹಾಕಿದ ಮಾರನೇ ದಿನ ಹೆಡ್ ಆಫೀಸಿನಿಂದ ಫೋನ್ ಬಂತು. ಹೆಂಗಸು, ದನಿಯಲ್ಲಿ ವಯಸ್ಸಾದವರ ಹಾಗೆ. ಯಾರು, ಗಂಡೋ ಹೆಣ್ಣೋ, ಯಾವಾಗಿನಿಂದ, ಏನೂ ಕೇಳಲಿಲ್ಲ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಅಧಿಕಾರ ಇದೆಯಾ ಅಂತ ಕೇಳಿದರು. ಜೂನ್‌ನಿಂದ ಇರುತ್ತಿತ್ತು, ಇರಬಾರದು ಅಂತಲೇ ಫೋನ್ ಅಂದೆ. ಹೆಸರಿನ ಖಾನೆಯಲ್ಲಿ ‘ಹೆಡ್ ಆಫೀಸಿಗೆ ತಿಳಿಸಲಾಗಿದೆ’ ಅಂತ ಬರೆಯಿರಿ, ಇನ್ನೊಬ್ಬರಿಗೂ ಹಾಗೇ ಬರೆಯಲು ಹೇಳಿ ಅಂದರು. ಪ್ರಿಂಟ್ ವಿಷಯ ಹೇಳಿದಾಗ ಮಾತ್ರ ಅವರ ದನಿ ಬದಲಾಯಿತು. ಈ ವಾರದಿಂದ ನಮ್ಮ ಬ್ರಾಂಚಿನಲ್ಲಿ ಪ್ರಿಂಟ್ ತೆಗೆಯುವುದು ನಿಂತಿದೆ. ಯಾಕೆ ಅಂತ ಅಡ್ಮಿನ್‌ಗೂ ಗೊತ್ತಿಲ್ಲ, ಕಾಗದ ಉಳಿತಾಯ ಅಂತ ಎಲ್ಲರಿಗೂ ಹೇಳುತ್ತಿದ್ದಾರೆ.

ನಾನೇ ಅವರಿಗೆ ಹೆಸರು ಹೇಳಿದೆ. ಫೋನಿನಲ್ಲಿ, ಟೆರೇಸಿಗೆ ಹೋಗಿ. ಹೇಳಿದ ಮೇಲೆ ಆ ಕಡೆಯಿಂದ ‘ಓಕೆ, ಸ್ಪೆಲ್ಲಿಂಗ್ ಹೇಳಿ’ ಅಂತ ಬಂತು. ಹೇಳಿದೆ. ಸೀಲ್ ನಂಬರ್ ಓದಿದ ಹಾಗೆ, ಒಂದೊಂದೇ ಅಕ್ಷರ.

ಬ್ರಾಂಚಿನಲ್ಲಿ ಯಾರಿಗೂ ಹೇಳಿಲ್ಲ, ಸದ್ಯಕ್ಕೆ ಹೇಳುವುದೂ ಇಲ್ಲ. ಅವನು ಒಪ್ಪಿದ್ದಾನೆ. ಚಹಾ ಹುಡುಗನಿಗೆ ಒಬ್ಬನಿಗಾದರೂ ಹೇಳಲಾ ಅಂತ ಕೇಳಿದ, ಬೇಡ ಅಂದೆ. ಬ್ಯಾಂಕಿನ ನಾಮಿನಿ ಇಬ್ಬರದೂ ಆಯಿತು. ವಿಲ್‌ಗೆ ಮುಂದಿನ ತಿಂಗಳು ಮಾಟುಂಗಾಕ್ಕೆ ಬರುತ್ತೇವೆ ಸರ್.

ವೋಚರ್‌ಗಳನ್ನು ಈಗಿನಿಂದಲೇ ಅಕೌಂಟ್ಸ್‌ನವರಿಗೆ ಕೊಟ್ಟುಬಿಟ್ಟಿದ್ದಾರೆ. ನೇರವಾಗಿ ಅಲ್ಲಿಗೇ ಹೋಗುತ್ತವೆ, ನನ್ನ ಮೇಜಿಗೆ ಬರುವುದಿಲ್ಲ. ಅದರಿಂದ ಈಗ ಹೊಸ ರಗಳೆ ಶುರುವಾಗಿದೆ. ರಾತ್ರಿ ಊಟಕ್ಕೆ ಕೂತರೆ ಇದೇ ಮಾತು: ‘ನೀ ಬಿಲ್ ಇಲ್ಲ ಅಂತ ವಾಪಸ್ ಮಾಡ್ತಿದ್ದಿ, ಖರೆ, ಆದ್ರ ಅವತ್ತss ಮಾಡ್ತಿದ್ದಿ. ಈ ಮನಷ್ಯಾ ವಾರ ಆತು, ಇನ್ನೂ ಕವರ್ ಬಿಚ್ಚಿಲ್ಲ. ಕ್ರೇನಿನವರಿಗೆ ನಾ ಕಿಸೇದಿಂದ ಕೊಟ್ಟೀನಿ.’ ಅಕೌಂಟ್ಸ್‌ಗೆ ಒಂದು ರಿಮೈಂಡರ್ ಹಾಕು ಅಂತ ನನಗೇ ಹೇಳುತ್ತಾನೆ. ನಾನು ಹಾಕಲ್ಲ ಅಂತ ಅವನಿಗೂ ಗೊತ್ತು.